ಅಡುಗೆಮನೆ ಪಾಳಿ ಯಾರದ್ದು? 1,500 ವರ್ಷ ಹಳೆಯ ಮಠದ ಉತ್ತರ

ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್‌ನಲ್ಲಿ ಜಗಳ ಯಾವುದಕ್ಕೆ ಶುರುವಾಗುತ್ತೆ ಹೇಳಿ? ಟ್ಯಾಂಕರ್ ನೀರು, ಪಾರ್ಕಿಂಗು, ಕಸ. ದೊಡ್ಡ ತತ್ವಗಳಿಗಾಗಿ ಯಾರೂ ಕಿತ್ತಾಡಲ್ಲ. ಆರನೇ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟರಿಗೂ ಇದು ಚೆನ್ನಾಗಿ ಗೊತ್ತಿತ್ತು. ಮೊದಲು ಒಂದು ಮಠದವರು ಅವರನ್ನು ಕರೆದು ಮಠಾಧಿಪತಿ ಮಾಡಿಕೊಂಡರು, ಆಮೇಲೆ ಅವರ ಶಿಸ್ತು ತಾಳಲಾರದೆ ದ್ರಾಕ್ಷಾರಸದಲ್ಲಿ ವಿಷ ಬೆರೆಸಿದರು ಅಂತ ಪೋಪ್ ಗ್ರೆಗರಿ ಬರೆದ ಅವರ ಚರಿತ್ರೆಯಲ್ಲಿದೆ. ಮುಂದೆ ಮಾಂಟೆ ಕ್ಯಾಸಿನೊ ಬೆಟ್ಟದ ಮೇಲೆ ತಮ್ಮದೇ ಮಠ ಕಟ್ಟಿದ ಬೆನೆಡಿಕ್ಟರು 73 ಅಧ್ಯಾಯಗಳ ಒಂದು ನಿಯಮಾವಳಿ ಬರೆದರು. ಬೆನೆಡಿಕ್ಟೈನ್ ಮಠಗಳು ಇವತ್ತಿಗೂ ಅದನ್ನೇ ಅನುಸರಿಸುತ್ತವೆ. ನಮ್ಮ ಬೆಂಗಳೂರಿನ ಕೆಂಗೇರಿ ಕಡೆಯ ಆಶೀರ್ವನಂ ಕೂಡ ಅದೇ ಪರಂಪರೆಯದು.

ಹೆಸರು ಕೇಳಿ ಇದು ಬರೀ ಧ್ಯಾನ, ಪ್ರಾರ್ಥನೆಯ ಪುಸ್ತಕ ಅಂದ್ಕೋಬೇಡಿ. ನನಗೆ ಹೆಚ್ಚು ಹಿಡಿಸಿದ್ದು ಅಡುಗೆಮನೆಯ ಅಧ್ಯಾಯ.

ಅಡುಗೆಮನೆಯ ಕೆಲಸ ವಾರದ ಪಾಳಿ. ಕಾಯಿಲೆಯವರನ್ನೂ ಬೇರೆ ಮುಖ್ಯ ಜವಾಬ್ದಾರಿ ಇರೋರನ್ನೂ ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಕೈಲಾಗದವರಿಗೆ ಸಹಾಯಕರನ್ನು ಕೊಡಬೇಕು. ಪಾಳಿ ಮುಗಿಸುವವರು ಶನಿವಾರ ಎಲ್ಲ ತೊಳೆದು, ಕೈಕಾಲು ಒರೆಸಿದ ಬಟ್ಟೆಗಳನ್ನೂ ಒಗೆದು, ಪಾತ್ರೆಪಗಡಗಳನ್ನು ಉಗ್ರಾಣ ನೋಡಿಕೊಳ್ಳುವವರಿಗೆ ಒಪ್ಪಿಸಬೇಕು. ಅವರು ಲೆಕ್ಕ ಇಟ್ಟುಕೊಂಡು ಮುಂದಿನವರಿಗೆ ಕೊಡಬೇಕು. ಏನು ಕೊಟ್ಟೆವು, ಏನು ವಾಪಸ್ ಬಂತು ಅನ್ನೋದು ಗೊತ್ತಿರಲಿ ಅಂತ. ಇನ್ನೂ ಒಂದಿದೆ: ಬಡಿಸುವವರಿಗೆ ಊಟಕ್ಕೆ ಒಂದು ಗಂಟೆ ಮುಂಚೆ ಸ್ವಲ್ಪ ರೊಟ್ಟಿ, ಕುಡಿಯಲು ಒಂದಿಷ್ಟು ಹೆಚ್ಚುವರಿಯಾಗಿ ಸಿಗಬೇಕು. ಯಾಕೆ? ಹಸಿದ ಹೊಟ್ಟೆಯಲ್ಲಿ ಬಡಿಸುವವರು ಗೊಣಗದಿರಲಿ ಅಂತ!

ಈ ಗೊಣಗಾಟದ ಬಗ್ಗೆ ಬೆನೆಡಿಕ್ಟರಿಗೆ ವಿಪರೀತ ಚಿಂತೆ, ಮತ್ತೆ ಮತ್ತೆ ಬರುತ್ತೆ. ಆದರೆ ಗೊಣಗಬೇಡಿ ಅಂತ ಹೇಳಿ ಕೈ ತೊಳ್ಕೊಳ್ಳಲ್ಲ. ಗೊಣಗಲು ನ್ಯಾಯವಾದ ಕಾರಣ ಸಿಗದ ಹಾಗೆ ವ್ಯವಸ್ಥೆ ಮಾಡೋದು ಮಠಾಧಿಪತಿಯ ಹೊಣೆ ಅಂತಾರೆ. ತನ್ನ ಶಕ್ತಿಗೆ ಮೀರಿದ ಕೆಲಸ ಬಂದರೆ ಸಮಯ ನೋಡಿ, ಸಮಾಧಾನದಿಂದ ಮಠಾಧಿಪತಿಗೇ ಹೇಳಿಕೊಳ್ಳಬಹುದು. ಅಂದರೆ ಆಕ್ಷೇಪ ಬೇರೆ, ಹಿಂದಿನಿಂದ ಗೊಣಗೋದು ಬೇರೆ. ನಮ್ಮ ಸಂಘಗಳಲ್ಲಿ ಈ ಎರಡನ್ನೂ ಒಂದೇ ಮಾಡಿಬಿಟ್ಟಿದ್ದೀವಿ. ಸಭೆಯಲ್ಲಿ ಬಾಯಿ ಬಿಟ್ಟವನು ತಕರಾರಿನವನು, ಮೆಟ್ಟಿಲ ಮೇಲೆ ನಿಂತು ಆಡಿಕೊಳ್ಳುವವನು ಒಳ್ಳೆಯವನು.

ಮಠದಲ್ಲಿ ಹಿರಿತನ ವಯಸ್ಸಿನಿಂದಲ್ಲ, ಸೇರಿದ ಹೊತ್ತಿನಿಂದ. ಬೆಳಗ್ಗೆ ಒಂದು ತಾಸು ತಡವಾಗಿ ಬಂದವರು ಮುಂಚೆ ಬಂದವರಿಗಿಂತ ಕಿರಿಯರು, ಹೊರಗೆ ಎಷ್ಟೇ ದೊಡ್ಡವರಾಗಿರಲಿ. ಮುಖ್ಯ ವಿಷಯ ಇದ್ದಾಗ ಎಲ್ಲರನ್ನೂ ಕರೆದು ಕೇಳಬೇಕು, ಯಾಕಂದ್ರೆ ಒಳ್ಳೆಯದನ್ನು ದೇವರು ಎಷ್ಟೋ ಸಲ ಕಿರಿಯರಿಗೇ ತಿಳಿಸುತ್ತಾನೆ ಅನ್ನೋದು ಅವರ ನಂಬಿಕೆ. ಹೊರಗಿಂದ ಬಂದ ಅತಿಥಿ ಸನ್ಯಾಸಿ ವಿನಯದಿಂದ ತಪ್ಪು ತೋರಿಸಿದರೂ ಮಠಾಧಿಪತಿ ಯೋಚಿಸಬೇಕು, ದೇವರು ಅದಕ್ಕೇ ಅವನನ್ನು ಕಳಿಸಿರಬಹುದಲ್ಲ.

ಹಾಗಂತ ಇದು ಪ್ರಜಾಪ್ರಭುತ್ವವಲ್ಲ. ಎಲ್ಲರ ಮಾತು ಕೇಳಿದ ಮೇಲೆ ಕೊನೆಯ ತೀರ್ಮಾನ ಮಠಾಧಿಪತಿಯದೇ. ಮಾತು ಕೇಳದವರಿಗೆ, ಮಕ್ಕಳಿಗೂ ಕೂಡ, ಹೊಡೆತದ ಶಿಕ್ಷೆ ಈ ನಿಯಮಗಳಲ್ಲಿದೆ. ಅದನ್ನು ಆ ಕಾಲದ್ದು ಅಂತ ತೇಲಿಸಿಬಿಡೋಕೆ ನನಗೆ ಮನಸ್ಸಿಲ್ಲ. ಒಬ್ಬರ ಕೈಯಲ್ಲಿ ಅಷ್ಟು ಅಧಿಕಾರ ಇದ್ದರೆ ಏನಾಗಬಹುದು ಅಂತ ನಮಗೆ ಗೊತ್ತು. ಇನ್ನೊಂದು ವ್ಯತ್ಯಾಸವೂ ಇದೆ. ಹೊಸಬರಿಗೆ ಒಂದು ವರ್ಷದಲ್ಲಿ ಮೂರು ಸಲ ಇಡೀ ನಿಯಮಾವಳಿ ಓದಿ ಹೇಳ್ತಿದ್ದರು, ಆಗದಿದ್ದರೆ ಹೊರಡಬಹುದು. ಫ್ಲ್ಯಾಟ್ ಕೊಳ್ಳುವಾಗ ಸಂಘದ ಬೈಲಾ ಓದಿದವರು ನಮ್ಮಲ್ಲಿ ಎಷ್ಟು ಜನ?

ಇಷ್ಟು ಕಟ್ಟುನಿಟ್ಟಿನ ನಡುವೆಯೂ ಒಂದು ಸಣ್ಣ ಏರ್ಪಾಡಿದೆ. ರಾತ್ರಿ ಪ್ರಾರ್ಥನೆಯ ಆರಂಭದ ಒಂದು ಕೀರ್ತನೆಯನ್ನು ಬೇಕಂತಲೇ ತುಂಬಾ ನಿಧಾನವಾಗಿ ಹೇಳಬೇಕು. ನಿದ್ದೆಗಣ್ಣಲ್ಲಿ ಎದ್ದು ಓಡಿ ಬರೋರು ಅಷ್ಟರಲ್ಲಿ ಒಳಗೆ ಸೇರಿಕೊಳ್ಳಲಿ ಅಂತ.

ನಿಮ್ಮ ಹಾಸ್ಟೆಲ್‌ನಲ್ಲಿ, ಕೂಡು ಕುಟುಂಬದಲ್ಲಿ ಕೆಲಸದ ಪಾಳಿ ಹೇಗೆ ಹಂಚ್ಕೊಂಡಿದ್ದೀರಿ? ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.