ಮಕ್ಕಳಿಗೆ ಲಸಿಕೆ: ಕಡ್ಡಾಯವೋ, ಒಪ್ಪಿಗೆಯೋ?

ಪ್ರತಿವರ್ಷವೂ ಜೂನ್ ತಿಂಗಳ ಮೊದಲಲ್ಲಿ, ಹೊಸದಾಗಿ ಸೇರುವ ಹುಡುಗಿಯರ ತಂದೆತಾಯಿಗಳು ಅರ್ಜಿಯ ಕಾಗದಗಳನ್ನು ಹಿಡಿದು ನಮ್ಮ ಜಗಲಿಯಲ್ಲಿ ಕುಳಿತಿರುವ ದಿನಗಳಲ್ಲಿ, ನನಗೆ ಎರಡು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಗೊರೂರಿನ ಕಡೆಯಿಂದಲೋ ಅರಕಲಗೂಡಿನ ಕಡೆಯಿಂದಲೋ ಬಂದ ತಾಯಿಯೊಬ್ಬಳು ಸೆರಗಿನಲ್ಲಿ ಸುತ್ತಿ ತಂದ ತಾಯಿ ಕಾರ್ಡನ್ನು ಬಿಡಿಸುತ್ತ, "ಇವಳಿಗೆ ಚಿಕ್ಕವಳಿದ್ದಾಗ ಒಂದೆರಡು ಸೂಜಿ ತಪ್ಪಿಹೋಗಿದೆ ಮೇಡಂ, ಸೇರಿಸಿಕೊಳ್ಳುವುದಿಲ್ಲವೆ?" ಎಂದು ಅಂಜುತ್ತ ಕೇಳುತ್ತಾಳೆ. ಅದೇ ದಿನ ಮಧ್ಯಾಹ್ನ ಮತ್ತೊಬ್ಬರು, "ಲಸಿಕೆ ಹಾಕಿಸದ ಮಕ್ಕಳನ್ನು ನನ್ನ ಮಗಳ ಪಕ್ಕದಲ್ಲಿ ಏಕೆ ಕೂರಿಸುತ್ತೀರಿ?" ಎಂದು ತುಸು ಗಡುಸಾಗಿಯೇ ಕೇಳುತ್ತಾರೆ. ಸ್ಮರಣ ಸಂಚಿಕೆಯ ಸಂಪಾದಕಿಯರು ಶಾಲೆಯ ಆರೋಗ್ಯ ವಿಷಯವಾಗಿ ಏನಾದರೂ ಬರೆಯಬೇಕೆಂದು ಕೇಳಿದಾಗ, ಈ ಇಬ್ಬರಿಗೂ ನಿಂತಲ್ಲಿಯೇ ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುವುದು ಲೇಸೆಂದು ತೋರಿತು.

ಮೊದಲನೆಯವಳಿಗೆ ಉತ್ತರ ಸುಲಭ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಲಸಿಕೆಗಳೆಲ್ಲವೂ ಪುಕ್ಕಟೆಯಾಗಿ ದೊರೆಯುತ್ತವೆ. ಹಾಕಿಸದ ತಂದೆತಾಯಿಗಳನ್ನು ದಂಡಿಸುವ ಕಾನೂನು ಆ ಕಾರ್ಯಕ್ರಮಕ್ಕಿಲ್ಲ. ಆ ಕಾರಣದಿಂದ ನಾವು ಯಾವ ಹುಡುಗಿಯನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದುದಿಲ್ಲ. ಆದರೆ ನಮ್ಮ ಅಜ್ಜಿಯರ ಕಾಲದಲ್ಲಿ ಹೀಗಿರಲಿಲ್ಲ.

ಸಿಡುಬಿನ ಲಸಿಕೆ ನಮ್ಮ ಸೀಮೆಗೆ ಬಂದುದು ಅರಮನೆಯ ಬಾಗಿಲಿನಿಂದ. ಎಡ್ವರ್ಡ್ ಜೆನ್ನರನು ಗೋಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯಬಹುದೆಂದು ಪರೀಕ್ಷಿಸಿದ್ದು 1796ರಲ್ಲಿ. ಬೊಂಬಾಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಅದನ್ನು ಹಾಕಿದ್ದು 1802ರಲ್ಲಿ. ಅದಾದ ನಾಲ್ಕೇ ವರ್ಷಗಳಲ್ಲಿ, ಅಂದರೆ 1806ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯವರಿಗೆ ಲಸಿಕೆ ಹಾಕಿದ ಸಂಗತಿಯನ್ನು ಮೈಸೂರಿನಲ್ಲಿದ್ದ ಮಾರ್ಕ್ ವಿಲ್ಕ್ಸ್ ಬರೆದಿಟ್ಟಿದ್ದಾನೆ. ಥಾಮಸ್ ಹಿಕಿ ಎಂಬ ಚಿತ್ರಗಾರನು ಬರೆದ ಮೂವರು ಅರಮನೆಯ ಸ್ತ್ರೀಯರ ಚಿತ್ರದಲ್ಲಿ, ಒಬ್ಬಾಕೆ ಸೀರೆಯನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಈ ಲಸಿಕೆಯ ಗುರುತನ್ನು ಪ್ರಜೆಗಳಿಗೆ ತೋರಿಸುವುದಕ್ಕಾಗಿಯೇ ಎಂದು ಇತಿಹಾಸಕಾರರೊಬ್ಬರು ಅರ್ಥಮಾಡಿದ್ದಾರೆ. ಈ ಅರ್ಥವು ಸರಿಯಾಗಿದ್ದಲ್ಲಿ, ನಮ್ಮ ಸಂಸ್ಥಾನದಲ್ಲಿ ಲಸಿಕೆಯು ಮೊದಲು ಬಂದುದು ಆಜ್ಞೆಯಾಗಿ ಅಲ್ಲ, ಮೇಲ್ಪಂಕ್ತಿಯಾಗಿ ಎನ್ನಬೇಕು.

ಆಜ್ಞೆಯು ಬಳಿಕ ಬಂದಿತು. ಇಂಗ್ಲೆಂಡಿನಲ್ಲಿ 1853ರಲ್ಲಿ ಶಿಶುಗಳಿಗೆಲ್ಲ ಲಸಿಕೆ ಕಡ್ಡಾಯವಾಯಿತು. ಬ್ರಿಟಿಷ್ ಇಂಡಿಯಾದಲ್ಲಿ 1880ರ ಲಸಿಕಾ ಶಾಸನವು, ಅದನ್ನು ಜಾರಿಗೆ ತಂದ ಪಟ್ಟಣಗಳಲ್ಲಿಯೂ ದಂಡುಪ್ರದೇಶಗಳಲ್ಲಿಯೂ, ಮಗುವಿಗೆ ಲಸಿಕೆ ಹಾಕಿಸುವುದನ್ನು ತಂದೆತಾಯಿಗಳ ಕರ್ತವ್ಯವನ್ನಾಗಿ ಮಾಡಿತು. ಆ ಶಾಸನದಲ್ಲಿ ವಿನಾಯಿತಿ ಇದ್ದುದು ದೇಹಸ್ಥಿತಿಯನ್ನು ನೋಡಿ ಮಾತ್ರ: ಮಗುವಿನ ದೇಹವು ಆಗ ಲಸಿಕೆಯನ್ನು ತಾಳಲಾರದೆಂದು ಕಂಡುಬಂದರೆ ಕೆಲವು ತಿಂಗಳ ಅವಧಿ, ಮತ್ತೆ ಮತ್ತೆ ಹಾಕಿದರೂ ಲಸಿಕೆ ಹಿಡಿಯದಿದ್ದರೆ ಒಂದು ಪ್ರಮಾಣಪತ್ರ. "ನನಗೆ ಮನಸ್ಸಿಲ್ಲ" ಎಂಬ ಉತ್ತರಕ್ಕೆ ಅದರಲ್ಲಿ ಸ್ಥಳವಿರಲಿಲ್ಲ.

ಮನಸ್ಸಿಲ್ಲದವರು ಕೇವಲ ಮೂಢರಾಗಿದ್ದರೆಂದು ನಾವು ಪಾಠಪುಸ್ತಕಗಳಲ್ಲಿ ಹೇಳಿಬಿಡುವುದು ನ್ಯಾಯವಲ್ಲ. ಆಗಿನ ಲಸಿಕೆಯನ್ನು ಅನೇಕ ಕಡೆಗಳಲ್ಲಿ ಒಂದು ಮಗುವಿನ ತೋಳಿನ ಬೊಕ್ಕೆಯಿಂದ ಮತ್ತೊಂದು ಮಗುವಿನ ತೋಳಿಗೆ ಹಾಕುತ್ತಿದ್ದರು. ಯಾರ ಮಗುವಿನಿಂದ ಯಾರ ಮಗುವಿಗೆ ಎಂಬುದು ಜಾತಿಯ ಪ್ರಶ್ನೆಯಾಗಿದ್ದುದಲ್ಲದೆ, ಬೊಕ್ಕೆಯನ್ನು ಒಡೆಸಿಕೊಳ್ಳುವ ಮಗುವಿನ ತಾಯಿಗೆ ಅದು ನೋವಿನ ಪ್ರಶ್ನೆಯೂ ಆಗಿದ್ದಿತು. ಒಬ್ಬರ ರೋಗ ಇನ್ನೊಬ್ಬರಿಗೆ ಹತ್ತುವ ಭಯವೂ ಸುಳ್ಳಾಗಿರಲಿಲ್ಲ. ಕರುಗಳ ಮೈಯಲ್ಲಿ ಲಸಿಕೆಯನ್ನು ಬೆಳೆಸತೊಡಗಿದ ಮೇಲೆಯೇ ಈ ತೊಡಕು ಸಡಿಲವಾದುದು. ಬೆಂಗಳೂರಿನಲ್ಲಿ ಆ ಕೆಲಸವನ್ನು ನಡೆಸಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣದಿಂದ ಸ್ವಂತ ತಿರುವಾಂಕೂರಿನಲ್ಲಿ ಕೆಲಸ ದೊರೆಯದೆ ಮೈಸೂರು ಸಂಸ್ಥಾನದ ಸೇವೆಗೆ ಬಂದವರು ಅವರು. ಜಾತಿಯ ಭಯದಿಂದ ಲಸಿಕೆಯನ್ನು ದೂರವಿಟ್ಟವರ ತೋಳಿಗೆ, ಜಾತಿಯ ಕಾರಣದಿಂದಲೇ ದೂರವಿಡಲ್ಪಟ್ಟವರೊಬ್ಬರು ಶುದ್ಧವಾದ ಲಸಿಕೆಯನ್ನು ಸಿದ್ಧಪಡಿಸಿ ಕೊಟ್ಟರು!

ನಮ್ಮಜ್ಜಿ ಹೇಳುತ್ತಿದ್ದರು: "ದಾಕು ಹಾಕುವವನು ಬಂದ" ಎಂಬ ಸುದ್ದಿ ಊರಬಾಗಿಲಿಗೆ ಮುಟ್ಟುವ ಮೊದಲೇ ಮಕ್ಕಳು ಅಟ್ಟವನ್ನು ಮುಟ್ಟಿರುತ್ತಿದ್ದರಂತೆ. ಅಜ್ಜಿಯ ಇಬ್ಬರು ಅಣ್ಣಂದಿರು ಹಾಗೆ ಅಟ್ಟದಲ್ಲಿ ಉಳಿದವರು. ಮುಂದಿನ ಬೇಸಗೆಯಲ್ಲಿ ಊರಿಗೆ ಅಮ್ಮ ಬಂದಳು. ಅವರಲ್ಲಿ ಒಬ್ಬ ಉಳಿಯಲಿಲ್ಲ. ಅಜ್ಜಿ ಇದನ್ನು ಯಾರನ್ನೂ ದೂರದೆ ಹೇಳುತ್ತಿದ್ದರು. ದೂರುವುದಕ್ಕೆ ಯಾರನ್ನು ಆರಿಸಿಕೊಳ್ಳಬೇಕೆಂದು ನನಗೂ ತಿಳಿಯದು.

ಇಂಗ್ಲೆಂಡಿನಲ್ಲಿಯೂ ಜನರು ಬೀದಿಗಿಳಿದು ಪ್ರತಿಭಟಿಸಿದರು. ಕೊನೆಗೆ 1898ರಲ್ಲಿ ಅಲ್ಲಿನ ಸರ್ಕಾರದವರು, ಲಸಿಕೆಯು ಮಗುವಿಗೆ ಕೆಡುಕೆಂದು ಮನಸ್ಸಾಕ್ಷಿಯಾಗಿ ನಂಬಿದ ತಂದೆತಾಯಿಗಳಿಗೆ ವಿನಾಯಿತಿಯನ್ನು ಕೊಟ್ಟರು. ಇಂದು ದೇಶದೇಶಗಳಲ್ಲಿ ವಾದಕ್ಕೆ ವಿಷಯವಾಗಿರುವ ಮನಸ್ಸಾಕ್ಷಿಯ ವಿನಾಯಿತಿಯು ಹೀಗೆ ಹುಟ್ಟಿದುದು. ಇತ್ತ ಸಿಡುಬು ನಮ್ಮ ದೇಶದಲ್ಲಿ 1975ರಲ್ಲಿ ಕೊನೆಗೊಂಡು, 1980ರಲ್ಲಿ ಲೋಕದಿಂದಲೇ ತೊಲಗಿತೆಂದು ಘೋಷಿಸಲ್ಪಟ್ಟಿತು. ಇದು ಲಸಿಕೆಯಿಂದ ಆದ ಮಹೋಪಕಾರ. ಆದರೆ ಅದರ ಕೊನೆಯ ವರ್ಷಗಳಲ್ಲಿ, ಉತ್ತರದ ಕೆಲವು ಹಳ್ಳಿಗಳಲ್ಲಿ, ಒಲ್ಲದವರನ್ನು ಹಿಡಿದು ಲಸಿಕೆ ಹಾಕಿದುದೂ ಉಂಟು; ಅದನ್ನು ಮಾಡಿದವರೇ ಬರೆದಿದ್ದಾರೆ. ಅದರ ಬೆನ್ನಲ್ಲೇ ತುರ್ತುಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಚಿಕಿತ್ಸೆಗಳು ಬಂದವು. ಸರ್ಕಾರದ ಸೂಜಿಯೆಂದರೆ ಬಂಜೆತನವೆಂಬ ಭಯವು ಜನರ ಮನಸ್ಸಿನಲ್ಲಿ ಎಲ್ಲಿಂದ ಬಂದಿತೆಂದು ಕೇಳುವವರು ಆ ವರ್ಷಗಳನ್ನು ನೆನೆಯಬೇಕು.

ಆ ಭಯವನ್ನು ನಾನು ಕಣ್ಣಾರೆ ಕಂಡುದು 2017ರ ಫೆಬ್ರವರಿಯಲ್ಲಿ. ಕರ್ನಾಟಕವೂ ಸೇರಿದಂತೆ ಐದು ಪ್ರಾಂತಗಳಲ್ಲಿ, ಒಂಬತ್ತು ತಿಂಗಳು ತುಂಬಿದ ಶಿಶುಗಳಿಂದ ಹದಿನೈದು ತುಂಬದ ಮಕ್ಕಳವರೆಗೆ ಎಲ್ಲರಿಗೂ ದಡಾರ ಮತ್ತು ರುಬೆಲ್ಲಾ ಲಸಿಕೆ ಹಾಕುವ ಅಭಿಯಾನವು ಆಗ ಆರಂಭವಾಯಿತು. ರುಬೆಲ್ಲಾ ಹುಡುಗಿಯರ ಶಾಲೆಗೆ ವಿಶೇಷವಾಗಿ ಸಂಬಂಧಿಸಿದ ರೋಗ. ಮಗುವಿಗೆ ಬಂದರೆ ಸ್ವಲ್ಪ ಜ್ವರ, ಸ್ವಲ್ಪ ಗುಳ್ಳೆ, ಅಷ್ಟೇ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟುವ ಮಗುವು ಕುರುಡಾಗಿಯೋ ಕಿವುಡಾಗಿಯೋ ಹೃದಯದ ಊನದಿಂದಲೋ ಹುಟ್ಟಬಹುದು. ಇಂದಿನ ಎಂಟನೆಯ ತರಗತಿಯವಳಿಗೆ ಹಾಕುವ ಸೂಜಿಯು ಅವಳು ಮುಂದೆ ಹೆರುವ ಮಗುವನ್ನು ಕಾಯುತ್ತದೆ. ಆದರೆ ಮೊಬೈಲುಗಳಲ್ಲಿ ಹರಿದಾಡಿದ ಸುದ್ದಿಯು ಇದಕ್ಕೆ ತೀರ ವಿರುದ್ಧವಾಗಿದ್ದಿತು: ಈ ಸೂಜಿ ಹಾಕಿಸಿಕೊಂಡ ಹುಡುಗಿಯರಿಗೆ ಮಕ್ಕಳೇ ಆಗುವುದಿಲ್ಲವೆಂದು!

ಆಗ ನಾನು ಸಹೋಪಾಧ್ಯಾಯಿನಿ. ವಿದ್ಯಾರ್ಥಿನಿನಿಲಯದ ಮೇಲ್ವಿಚಾರಣೆಯೂ ನನ್ನದೇ ಆಗಿದ್ದಿತು. ಮನೆಗಳಿಗೆ ಚೀಟಿಗಳನ್ನು ಕಳುಹಿಸಿದೆವು. ಕೆಲವು ಸಹಿಯಾಗಿ ಬಂದವು, ಕೆಲವು "ಬೇಡ" ಎಂದು ಬಂದವು, ಕೆಲವು ಬರಲೇ ಇಲ್ಲ. ಬಾರದ ಚೀಟಿಗಳಲ್ಲಿ ಒಂದು ಹೊಳೆನರಸೀಪುರದ ಕಡೆಯ ಹುಡುಗಿಯದು. ತಾಯಿಯಿಲ್ಲ, ತಂದೆ ಸಕಲೇಶಪುರದ ಕಡೆ ಕಾಫಿತೋಟದ ಕೂಲಿಗೆ ಹೋಗಿದ್ದ, ದೂರವಾಣಿ ಸಿಗಲಿಲ್ಲ. ಶುಶ್ರೂಷಕಿ ಬಂದು ಕುಳಿತಿದ್ದಳು. ಆ ಲಸಿಕೆಯ ಶೀಶೆಯನ್ನು ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದುದನ್ನು ಎಸೆಯಬೇಕು. ನಾನು ಪೋಷಕರ ಸಹಿಯ ಜಾಗದಲ್ಲಿ ನನ್ನ ಸಹಿಯನ್ನು ಹಾಕಿದೆನು. ಹುಡುಗಿಗೆ ಏನೂ ಆಗಲಿಲ್ಲ. ಮುಂದಿನ ಭಾನುವಾರ ತಂದೆ ಬಂದ. ಕೂಗಾಡುವನೆಂದು ಹೆದರಿದ್ದೆ, ಆತ ಕೂಗಾಡಲಿಲ್ಲ. "ಸೂಜಿ ಹಾಕಿಸಿದ್ದು ತಪ್ಪು ಅನ್ನಲ್ಲ ತಾಯಿ. ಕೇಳಬೇಕಾಗಿದ್ದು ನನ್ನನ್ನಲ್ಲವಾ? ನನಗೆ ಓದಕ್ಕೆ ಬರಲ್ಲ, ಬಾಯಲ್ಲಿ ಹೇಳಿದರೆ ತಿಳೀತದೆ" ಎಂದಷ್ಟೇ ಹೇಳಿ, ಮಗಳಿಗೆ ತಂದಿದ್ದ ಕಿತ್ತಳೆಹಣ್ಣುಗಳನ್ನು ಕೊಟ್ಟು ಹೊರಟುಹೋದ.

ನಾನು ಮಾಡಿದುದು ಎಂತಹ ತಪ್ಪೆಂಬುದು ನೆರೆಯ ಪ್ರಾಂತದ ಒಂದು ವೃತ್ತಾಂತವನ್ನು ಓದಿದ ಮೇಲೆ ಪೂರ್ತಿಯಾಗಿ ಮನಸ್ಸಿಗೆ ಹತ್ತಿತು. 2009ರಲ್ಲಿ, ಆಗ ಆಂಧ್ರಪ್ರದೇಶಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ, ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಒಂದು ಯೋಜನೆಯ ಅಂಗವಾಗಿ ಹಾಕಿದರು. ಅನೇಕರು ವಿದ್ಯಾರ್ಥಿನಿನಿಲಯಗಳಲ್ಲಿದ್ದ ಬುಡಕಟ್ಟಿನ ಹುಡುಗಿಯರು. ಒಪ್ಪಿಗೆಪತ್ರಗಳಲ್ಲಿ ಎಷ್ಟೋ ಪತ್ರಗಳಿಗೆ ಸಹಿ ಹಾಕಿದವರು ತಂದೆತಾಯಿಗಳಲ್ಲ, ನಿಲಯದ ಮೇಲ್ವಿಚಾರಕರು. ಕೆಲವು ಹುಡುಗಿಯರು ಸತ್ತರು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಆದರೂ 2010ರಲ್ಲಿ ಯೋಜನೆಯು ನಿಂತಿತು. 2013ರಲ್ಲಿ ಪಾರ್ಲಿಮೆಂಟಿನ ಸಮಿತಿಯು ಕಟುವಾಗಿ ಖಂಡಿಸಿತು. ಒಳ್ಳೆಯ ಲಸಿಕೆಯೊಂದರ ಮೇಲೆ ವರ್ಷಗಟ್ಟಲೆ ಅನುಮಾನ ಕವಿಯಿತು. ಕೇಳದೆ ಮಾಡಿದ ಉಪಕಾರಕ್ಕೆ ಸಾಕ್ಷಿಗಳಿರುವುದಿಲ್ಲ. ಕೇಡು ಬಂದಂತೆ ತೋರಿದ ದಿನ ಎಲ್ಲರೂ ಸಾಕ್ಷಿಗಳೇ.

ನ್ಯಾಯಾಲಯಗಳೂ ಈಚೆಗೆ ಇದೇ ದಾರಿಯನ್ನು ಹಿಡಿದಿವೆ. ಶಾಲೆಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಗೆ ತಂದೆತಾಯಿಗಳ ಒಪ್ಪಿಗೆ ಬೇಕಿಲ್ಲವೆಂಬ ಆದೇಶವನ್ನು ದೆಹಲಿಯ ಹೈಕೋರ್ಟು 2019ರ ಜನವರಿಯಲ್ಲಿ ಒಪ್ಪಲಿಲ್ಲ. ಕೋವಿಡ್ ಲಸಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕಕೂಡದೆಂದೂ, ಆದರೆ ಸಮಾಜದ ಆರೋಗ್ಯಕ್ಕಾಗಿ ಹಿತಮಿತವಾದ ನಿರ್ಬಂಧಗಳನ್ನು ಸರ್ಕಾರವು ಹಾಕಬಹುದೆಂದೂ ಹೇಳಿತು.

ಇಷ್ಟನ್ನು ಓದಿ, ಹಾಕಿಸದಿರುವುದು ನಮ್ಮ ಹಕ್ಕು ಎಂದು ಯಾರಾದರೂ ಸುಮ್ಮನಾದರೆ, ನನ್ನ ಎರಡನೆಯ ಪ್ರಶ್ನೆಯವರು ಎದ್ದು ನಿಲ್ಲುತ್ತಾರೆ. ಅವರ ಪಕ್ಷದಲ್ಲಿ ಬಲವಾದ ನ್ಯಾಯವಿದೆ. ದಡಾರ ಹತ್ತಿದ ಒಂದು ಮಗುವು, ರಕ್ಷಣೆಯಿಲ್ಲದವರ ನಡುವೆ, ಹನ್ನೆರಡರಿಂದ ಹದಿನೆಂಟು ಮಂದಿಗೆ ಅದನ್ನು ಅಂಟಿಸಬಲ್ಲದು. ಅದನ್ನು ತಡೆದು ನಿಲ್ಲಿಸಬೇಕಾದರೆ ನೂರಕ್ಕೆ ತೊಂಬತ್ತೈದು ಮಂದಿಯಾದರೂ ರಕ್ಷಿತರಾಗಿರಬೇಕು. ಉಳಿದ ಐದು ಯಾರಿಗೆ ಸಲ್ಲಬೇಕು? ರಕ್ತದ ಕ್ಯಾನ್ಸರಿಗೆ ಔಷಧ ಪಡೆಯುತ್ತಿರುವ ಹುಡುಗಿಗೆ, ರೋಗನಿರೋಧಕ ಶಕ್ತಿಯೇ ಕುಂದಿದವಳಿಗೆ, ಹಿಂದಿನ ಸೂಜಿಯಿಂದ ಪ್ರಾಣಾಪಾಯದಂತಹ ಅಲರ್ಜಿಯಾದವಳಿಗೆ, ಇನ್ನೂ ಒಂಬತ್ತು ತಿಂಗಳು ತುಂಬದ ಅವಳ ಮನೆಯ ಕೂಸಿಗೆ. ಇವರಿಗೆ ಆ ಲಸಿಕೆ ಹಾಕುವಂತಿಲ್ಲ; ಸುತ್ತಲಿನವರ ಲಸಿಕೆಯೇ ಇವರ ಬೇಲಿ. ನೆಗಡಿ, ಸಾಧಾರಣ ಕೆಮ್ಮು, ಮನೆಯಲ್ಲಿ ಮದುವೆ, ಇವು ವಿನಾಯಿತಿಗೆ ಕಾರಣಗಳಲ್ಲ. (ಮದುವೆಯ ಕಾರಣವನ್ನು ನಾನು ಮೂರು ಸಲ ಕೇಳಿದ್ದೇನೆ.)

ಬೇಲಿಯಲ್ಲಿ ಕಂಡಿ ಬಿದ್ದರೆ ಏನಾಗುವುದೆಂಬುದಕ್ಕೆ ದೂರದ ನಿದರ್ಶನವೊಂದಿದೆ. ಅಮೆರಿಕದ ಶಾಲೆಗಳಲ್ಲಿ ಲಸಿಕೆ ಕಡ್ಡಾಯ. ಆದರೆ ಟೆಕ್ಸಾಸ್ ಪ್ರಾಂತದಲ್ಲಿ ಮನಸ್ಸಾಕ್ಷಿಯ ಕಾರಣದಿಂದ ವಿನಾಯಿತಿ ಪಡೆಯಬಹುದು. 2025ರಲ್ಲಿ ಅಲ್ಲಿನ ಪಶ್ಚಿಮ ಭಾಗದಲ್ಲಿ ದಡಾರ ಹರಡಿ ಏಳುನೂರೈವತ್ತಕ್ಕೂ ಹೆಚ್ಚು ಮಂದಿಗೆ ತಗಲಿತು. ಲಸಿಕೆ ಹಾಕಿಸಿರದ ಇಬ್ಬರು ಶಾಲಾಬಾಲಕಿಯರು ತೀರಿಕೊಂಡರು. ಇಂತಹದೇ ಅನುಭವದ ಬಳಿಕ ಕ್ಯಾಲಿಫೋರ್ನಿಯಾ 2015ರಲ್ಲಿಯೂ ನ್ಯೂಯಾರ್ಕ್ 2019ರಲ್ಲಿಯೂ, ವೈದ್ಯರು ಕೊಡುವ ವಿನಾಯಿತಿಯೊಂದನ್ನುಳಿದು ಮಿಕ್ಕವನ್ನು ತೆಗೆದುಹಾಕಿದವು. ನಮ್ಮ ದೇಶದಲ್ಲಿ ಹಾಗೆ ಮಾಡಬೇಕೆಂದು ನಾನು ಹೇಳಲಾರೆ. ಇಲ್ಲಿ ಲಸಿಕೆ ತಪ್ಪಿದ ಮಗುವು ಬಹುಮಟ್ಟಿಗೆ ವಲಸೆ ಹೋದ ಕೂಲಿಯವರ ಮಗು. ಅಂತಹವಳಿಗೆ ಶಾಲೆಯ ಬಾಗಿಲನ್ನೂ ಮುಚ್ಚಿದರೆ, ಸೂಜಿಯು ಅವಳನ್ನು ಹುಡುಕಿಕೊಂಡು ಬರುವ ಕೊನೆಯ ಸ್ಥಳವನ್ನೇ ಮುಚ್ಚಿದಂತಾಗುವುದು. ಮೈಗೆ ಒಗ್ಗದವರಿಗೆ ವಿನಾಯಿತಿ, ಉಳಿದವರ ತಂದೆತಾಯಿಗಳ ಬಳಿಗೆ ಎಷ್ಟು ಸಲ ಬೇಕಾದರೂ ಹೋಗಿ ಕೇಳುವುದು, ಇದೇ ನನಗೆ ಸರಿಯೆಂದು ತೋರುವ ಕ್ರಮ. ಇದಕ್ಕೆ ಕಾನೂನಿಗಿಂತ ಹೆಚ್ಚು ಸಮಯ ಬೇಕು, ಉಪಾಧ್ಯಾಯಿನಿಯರ ಭಾನುವಾರಗಳೂ ಬೇಕು.

ಈಗ ನಮ್ಮಲ್ಲಿ ಲಸಿಕೆಯ ದಿನಕ್ಕೆ ಮೊದಲು ಪೋಷಕರ ಸಭೆಯೊಂದನ್ನು ಸೇರಿಸುತ್ತೇವೆ. ಆರೋಗ್ಯ ಕೇಂದ್ರದ ವೈದ್ಯರೂ ಆಶಾ ಕಾರ್ಯಕರ್ತೆಯರೂ ಬಂದು, ಲಸಿಕೆಯ ಹೆಸರು, ಅದರಿಂದ ಬರಬಹುದಾದ ಜ್ವರ ಮತ್ತು ನೋವು, ಯಾರಿಗೆ ಹಾಕಬಾರದು ಎಂಬುದನ್ನೆಲ್ಲ ಬಾಯಿಮಾತಿನಲ್ಲಿ ಹೇಳುತ್ತಾರೆ. ಬಾರದವರಿಗೆ ಸಂಜೆ ದೂರವಾಣಿ ಮಾಡುತ್ತೇವೆ. ತೋಟದಲ್ಲಿದ್ದರೆ ಮೇಸ್ತ್ರಿಯ ಮೂಲಕ ಹುಡುಕುತ್ತೇವೆ. ಪೋಷಕರ ಜಾಗದಲ್ಲಿ ನಾನು ಸಹಿ ಹಾಕುವುದಿಲ್ಲ. ಕಳೆದ ಸಲ ಚನ್ನರಾಯಪಟ್ಟಣದ ತಂದೆಯೊಬ್ಬರು ವೈದ್ಯರೊಡನೆ ಒಂದು ಗಂಟೆ ವಾದಿಸಿ, ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಹದಿನೈದು ದಿನಗಳಾದ ಮೇಲೆ ಅದು ಸಹಿಯಾಗಿ ಬಂದಿತು. ಮತ್ತೊಬ್ಬರದು ಇನ್ನೂ ಬಂದಿಲ್ಲ. ಅವರ ಮಗಳು ಎಂದಿನಂತೆ ಎರಡನೆಯ ಬೆಂಚಿನಲ್ಲಿ ಕುಳಿತಿದ್ದಾಳೆ. ಮುಂದಿನ ಭಾನುವಾರ ಅವರ ಮನೆಗೆ ನಾನೇ ಹೋಗಬೇಕೆಂದಿದ್ದೇನೆ.