ಹಿತ್ತಲ ಪುದೀನ ಮತ್ತು ಗರ್ಭಿಣಿಯ ಊಟ

ಸಂತೆಯಿಂದ ತಂದ ಪುದೀನದ ಕಟ್ಟನ್ನು ಬಿಡಿಸಿ, ಎಲೆಗಳನ್ನು ಚಟ್ನಿಗೆ ತೆಗೆದುಕೊಂಡು, ಕಡ್ಡಿಗಳನ್ನು ತಿಪ್ಪೆಗೆ ಎಸೆಯುವುದು ನಮ್ಮಲ್ಲಿ ರೂಢಿ. ನಿಮ್ಮ ಮನೆಗೆ ಸಾಕಾಗುವಷ್ಟು ಸೊಪ್ಪು ಆ ಕಡ್ಡಿಗಳಿಂದಲೇ ದೊರೆಯುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಪುದೀನಕ್ಕೆ ಬೀಜ ಬೇಕಿಲ್ಲ. ಬಲಿತ ಕಡ್ಡಿಗಳನ್ನು ಆರಿಸಿ, ಕೆಳಭಾಗದ ಎಲೆಗಳನ್ನು ಚಿವುಟಿ, ಎರಡು ಗೆಣ್ಣುಗಳು ಮಣ್ಣಿನೊಳಗೆ ಸೇರುವಂತೆ ಊರಿರಿ. ಮಣ್ಣು ಸದಾ ತೇವವಾಗಿದ್ದರೆ ಎರಡು ಮೂರು ವಾರಗಳಲ್ಲಿ ಚಿಗುರು ಕಾಣುತ್ತದೆ.

ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಸ್ಥಳ ಇದಕ್ಕೆ ಒಳ್ಳೆಯದು. ನುಗ್ಗೆಮರದ ಅಥವಾ ಕರಿಬೇವಿನ ಮಗ್ಗುಲಾದರೂ ಆದೀತು. ಕೆಂಪುಮಣ್ಣಿಗೆ ಸ್ವಲ್ಪ ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಬೇಕು. ಪುದೀನವು ನೆಲದಡಿಯಲ್ಲಿ ಹಬ್ಬಿ ಇತರ ಗಿಡಗಳ ಪಾತಿಯನ್ನು ಆಕ್ರಮಿಸುವುದರಿಂದ ಅದನ್ನು ಒಡಕು ಮಡಕೆಯಲ್ಲಿಯೋ ತಳಕ್ಕೆ ತೂತು ಮಾಡಿದ ಹಳೆಯ ಬಕೆಟ್ಟಿನಲ್ಲಿಯೋ ಬೆಳೆಸುವುದು ಲೇಸು. ಆದರೆ ಹೊಲಕ್ಕೆ ಸಿಂಪಡಿಸಿದ ಕೀಟನಾಶಕದ ಖಾಲಿ ಡಬ್ಬಿಯನ್ನು ಎಂದಿಗೂ ಬಳಸಕೂಡದು. ಎಷ್ಟು ತೊಳೆದರೂ ಅದರಲ್ಲಿ ವಿಷದ ಅಂಶ ಉಳಿದಿರುತ್ತದೆ. ಗಿಡ ಗೇಣುದ್ದ ಬೆಳೆದಾಗ ಬುಡದಿಂದ ಎರಡು ಅಂಗುಲ ಬಿಟ್ಟು ಕತ್ತರಿಸಿದರೆ ಮತ್ತೆ ಮತ್ತೆ ಚಿಗುರುತ್ತದೆ.

ಬಚ್ಚಲ ನೀರು ಹರಿಯುವ ಕಡೆ ಪುದೀನ ಹುಲುಸಾಗಿ ಬೆಳೆಯುವುದು ನಿಜ. ಹಿರಿಯರು ಅಲ್ಲಿಯೇ ನೆಡುತ್ತಿದ್ದುದೂ ಉಂಟು. ಆದರೂ ಅಲ್ಲಿ ನೆಡಬೇಡಿರೆಂದೇ ನಮ್ಮ ಸಲಹೆ. ಮಗುವನ್ನು ತೊಳೆದ ನೀರು, ಮಲ ಅಂಟಿದ ಬಟ್ಟೆ ಒಗೆದ ನೀರು ಎಲ್ಲವೂ ಆ ಕಾಲುವೆಗೇ ಸೇರುತ್ತದೆ. ಅದರೊಡನೆ ದುಂಡುಹುಳುವಿನ ಮೊಟ್ಟೆಗಳು ಸೊಪ್ಪಿಗೆ ಅಂಟಿಕೊಳ್ಳಬಹುದು. ಸಾರಿಗೆ ಹಾಕುವ ಸೊಪ್ಪು ಕುದಿಯುತ್ತದೆ, ಪುದೀನ ಚಟ್ನಿಯಾದರೋ ಹಸಿಯಾಗಿಯೇ ಬಾಯಿಗೆ ಹೋಗುತ್ತದೆ. ಆದ್ದರಿಂದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಮಾತ್ರ ಇದಕ್ಕೆ ಹೊಯ್ಯಿರಿ. ಸೊಪ್ಪನ್ನು ಅರೆಯುವ ಮುನ್ನ ಎಲೆ ಬಿಡಿಸಿ, ಮೂರು ಬಾರಿ ಶುದ್ಧ ನೀರಿನಲ್ಲಿ ಜಾಲಿಸಿ ತೊಳೆಯಿರಿ.

ಹುಳುಗಳ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ಮಣ್ಣಿನಲ್ಲಿ ಬರಿಗಾಲಿನಲ್ಲಿ ಓಡಾಡುವವರ ಚರ್ಮವನ್ನು ಕೊಕ್ಕೆಹುಳುವಿನ ಮರಿಗಳು ತೂರಿ ಒಳಸೇರುತ್ತವೆ. ಆ ಹುಳುಗಳು ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ಗರ್ಭಿಣಿಯಲ್ಲಿ ಮೊದಲೇ ರಕ್ತ ಕಡಿಮೆಯಿದ್ದರೆ ಹೆರಿಗೆಯ ಕಾಲದ ರಕ್ತಸ್ರಾವವನ್ನು ತಾಳುವ ಶಕ್ತಿ ಆಕೆಗೆ ಉಳಿಯುವುದಿಲ್ಲ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆಯೆಂದು ಪರಿಗಣಿಸಬೇಕು.

ಪುದೀನದಲ್ಲಿ ಕಬ್ಬಿಣದ ಅಂಶವಿದೆ. ಹಾಗೆಂದು ಅದನ್ನೇ ನಂಬಿ ಕೂರುವುದು ಸರಿಯಲ್ಲ. ಒಂದು ಹೊತ್ತಿನ ಚಟ್ನಿಯಲ್ಲಿ ಒಬ್ಬರ ಪಾಲಿಗೆ ಬರುವುದು ಒಂದು ಸಣ್ಣ ಹಿಡಿ ಸೊಪ್ಪು. ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಅದನ್ನು ನುಂಗತಕ್ಕದ್ದು. ಮಲ ಕಪ್ಪಾಗುವುದನ್ನು ಕಂಡು ಹೆದರಬೇಕಾಗಿಲ್ಲ.

ಹಾಗಾದರೆ ಪುದೀನದ ಪ್ರಯೋಜನವೇನು? ಬಸುರಿನ ದಿನಗಳಲ್ಲಿ ಅನೇಕರಿಗೆ ಊಟ ರುಚಿಸುವುದಿಲ್ಲ, ಓಕರಿಕೆಯಿಂದ ತಟ್ಟೆಯನ್ನೇ ದೂರ ತಳ್ಳುತ್ತಾರೆ. ಅಂಥವರಿಗೆ ಕಾಯಿ, ಹುರಿಗಡಲೆ, ಒಂದೆರಡು ಹಸಿಮೆಣಸಿನಕಾಯಿಯೊಡನೆ ಅರೆದ ಪುದೀನ ಚಟ್ನಿ ನಾಲಗೆಗೆ ರುಚಿ ತರುತ್ತದೆ. ಎರಡು ತುತ್ತು ಹೆಚ್ಚು ಸೇರುತ್ತದೆ. ಹುಣಿಸೆಯ ಬದಲು ಅರೆದ ಮೇಲೆ ನಿಂಬೆರಸ ಹಿಂಡಿರಿ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವು ರಕ್ತಕ್ಕೆ ಸೇರಲು ನಿಂಬೆ ಸಹಾಯಕ. ಊಟವಾದ ಕೂಡಲೇ ಚಹಾ, ಕಾಫಿ ಕುಡಿದರೆ ಆ ಕಬ್ಬಿಣ ವ್ಯರ್ಥವಾಗುತ್ತದೆ. ಕನಿಷ್ಠ ಒಂದು ಗಂಟೆ ತಡೆಯಬೇಕು. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯೊಡನೆ ನುಂಗದೆ ಬೇರೆ ಹೊತ್ತಿನಲ್ಲಿ ನುಂಗಬೇಕು.

ಮನೆಯ ಯಜಮಾನರಲ್ಲಿ ಒಂದು ಮಾತು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಹೆಂಡತಿ ಉಣ್ಣುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ಬಿಡಿಸಿರಿ. ಚಟ್ನಿಯ ಬಟ್ಟಲು ಆಕೆಯ ಸರದಿ ಬರುವ ಹೊತ್ತಿಗೆ ಬರಿದಾಗಿರುತ್ತದೆ. ಗಿಡಕ್ಕೆ ನೀರು ಹಾಕುವ ಕೆಲಸವನ್ನೂ ನೀವೇ ವಹಿಸಿಕೊಳ್ಳಬಹುದು. ಅದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಕೂಸುಗಳ ವಿಷಯದಲ್ಲಿ ಮಾತ್ರ ಪುದೀನವನ್ನು ಔಷಧವೆಂದು ಭಾವಿಸಬೇಡಿರಿ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲಲ್ಲದೆ ಪುದೀನದ ರಸವನ್ನಾಗಲಿ ನೀರನ್ನಾಗಲಿ ಕೊಡಕೂಡದು. ಪುದೀನದ ಎಣ್ಣೆಯನ್ನು ಎಳೆಗೂಸಿನ ಮೂಗಿನ ಬಳಿ ಸವರಿದರೆ ಉಸಿರಾಟಕ್ಕೆ ಅಪಾಯವಾದೀತು. ಭೇದಿಯಾದರೆ ಎದೆಹಾಲನ್ನು ನಿಲ್ಲಿಸದೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್. ಪೂರ್ತಿಯಾಗಿ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿರಿ.

ವರ್ಷ ಕಳೆದಂತೆ ಮಡಕೆಯ ತುಂಬ ಬೇರು ಹೆಣೆದು ಎಲೆ ಸಣ್ಣದಾಗುತ್ತದೆ. ಆಗ ಗಿಡವನ್ನು ಕಿತ್ತು, ಮಣ್ಣು ಬದಲಿಸಿ, ಒಳ್ಳೆಯ ಕಡ್ಡಿಗಳನ್ನು ಮತ್ತೆ ಊರಿರಿ. ನಾಲ್ಕು ಕಡ್ಡಿ ಮಿಕ್ಕರೆ ನೆರೆಮನೆಗೆ ಕೊಡಿರಿ.