ಆರಿಸಿ ಕಟ್ಟಿದ ಮೇಳ

ಮೊದಲು ಹಾಡು, ಹಾಡಿನಿಂದ ಗೆಳೆತನ, ಗೆಳೆತನದಿಂದ ಮೇಳ, ಕಟ್ಟಕಡೆಗೆ ಕೇಳುವ ಜನ—ಗಾಯಕರ ಗುಂಪೊಂದು ಹುಟ್ಟಿ ಬೆಳೆಯುವ ಕ್ರಮವೆಂದರೆ ಇದೇ ಎಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಇಪ್ಪತ್ತನೆಯ ಶತಮಾನವು ಮುಗಿಯುತ್ತ ಬಂದಾಗ ಈ ಕ್ರಮವನ್ನು ತಲೆಕೆಳಗು ಮಾಡಿದ ಪದ್ಧತಿಯೊಂದು ತಲೆದೋರಿತು. ಇದರಲ್ಲಿ ನೋಡುವ ಜನ ಮೊದಲು. ಅವರ ಕಣ್ಣೆದುರಿಗೇ ಟೆಲಿವಿಷನ್ ಪರದೆಯ ಮೇಲೆ ಗಾಯಕಿಯರ ಆಯ್ಕೆ. ಮೇಳಕ್ಕೆ ನಾಮಕರಣ ಆಮೇಲೆ. ಒಬ್ಬರಿಗೊಬ್ಬರ ಪರಿಚಯವೂ ಆಮೇಲೆಯೇ. ಹೀಗೆ ಹುಟ್ಟಿದ ತರುಣಿಯರ ‘ಪಾಪ್’ ಮೇಳಗಳನ್ನು ಕುರಿತು ವಿದ್ಯಾವಂತರಲ್ಲಿ ಒಂದು ತಾತ್ಸಾರ ಉಂಟು. ಇದು ಕಲೆಯಲ್ಲ, ಕಾರ್ಖಾನೆಯ ಸರಕು ಎಂದು ಅವರ ತೀರ್ಮಾನ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ನಿಜವಾದ ಉದಾಹರಣೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಒಂದೇ ಕಾರ್ಖಾನೆಯಿಂದ ಒಂದೇ ತಿಂಗಳಲ್ಲಿ ಹೊರಬಂದ ಎರಡು ಸರಕುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಮುರಿದು, ಇನ್ನೊಂದು ಹತ್ತು ವರ್ಷ ಬಾಳಿದರೆ, ಕಾರಣವನ್ನು ಕಾರ್ಖಾನೆಯಲ್ಲಿ ಹುಡುಕಿ ಫಲವಿಲ್ಲವಷ್ಟೆ.

ಈ ಪದ್ಧತಿಯ ತವರು ನ್ಯೂಜೀಲೆಂಡ್. ೧೯೯೯ರಲ್ಲಿ ಅಲ್ಲಿ ‘ಪಾಪ್‌ಸ್ಟಾರ್ಸ್’ ಎಂಬ ಟೆಲಿವಿಷನ್ ಮಾಲಿಕೆ ಪ್ರಸಾರವಾಯಿತು. ಐವರು ತರುಣಿಯರನ್ನು ಆರಿಸಿ ‘ಟ್ರೂ ಬ್ಲಿಸ್’ ಎಂಬ ಮೇಳವನ್ನು ಕಟ್ಟಿದರು. ಆಯ್ಕೆಯ ಆತಂಕ, ನಿರಾಕರಣೆಯ ಕಣ್ಣೀರು, ಅಭ್ಯಾಸದ ಶ್ರಮ ಇವೆಲ್ಲ ಕಥೆಯಂತೆ ವಾರವಾರ ಮನೆಮನೆಗೂ ತಲಪಿದುವು. ಮೇಳದ ಮೊದಲ ಹಾಡು ಹೊರಬಂದಾಗ ಅದನ್ನು ಕೊಳ್ಳುವವರು ಆಗಲೇ ಸಿದ್ಧರಾಗಿದ್ದರು. ಹಾಡು ಆ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಈ ಕಾರ್ಯಕ್ರಮದ ಮಾದರಿಯನ್ನೇ ಬೇರೆ ದೇಶಗಳಿಗೆ ಮಾರುವುದು ಸಾಧ್ಯವೆಂದು ವರ್ತಕರು ಕಂಡುಕೊಂಡರು. ೨೦೦೦ದಲ್ಲಿ ಆಸ್ಟ್ರೇಲಿಯದಲ್ಲಿ ‘ಬಾರ್ಡೋ’, ಅದೇ ವರ್ಷ ಜರ್ಮನಿಯಲ್ಲಿ ‘ನೋ ಏಂಜಲ್ಸ್’, ೨೦೦೧ರಲ್ಲಿ ಬ್ರಿಟನ್ನಿನಲ್ಲಿ ಮೂವರು ಸ್ತ್ರೀಯರೂ ಇಬ್ಬರು ಪುರುಷರೂ ಇದ್ದ ‘ಹಿಯರ್‌ಸೇ’ ಹೀಗೆ ಒಂದಾದ ಮೇಲೊಂದು ಮೇಳ ಹುಟ್ಟಿತು.

‘ಹಿಯರ್‌ಸೇ’ಯ ಗತಿ ವಿಚಾರಮಾಡತಕ್ಕದ್ದು. ಅದರ ಮೊದಲ ಹಾಡಿನ ಪ್ರತಿಗಳು ಒಂದೇ ವಾರದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಖರ್ಚಾದುವು. ಆದರೂ ೨೦೦೨ರ ಅಕ್ಟೋಬರಿನಲ್ಲಿ ಆ ಮೇಳ ವಿಸರ್ಜನೆಗೊಂಡಿತು. ಜನರು ಕೊಂಡದ್ದು ಹಾಡನ್ನಲ್ಲ, ತಾವು ವಾರಗಟ್ಟಲೆ ನೋಡಿದ ಕಥೆಯ ಕೊನೆಯ ಅಧ್ಯಾಯವನ್ನು. ಕಥೆ ಮುಗಿದ ಬಳಿಕ ಅವರು ಎದ್ದುಹೋದರು. ಟೆಲಿವಿಷನ್ ಸ್ಪರ್ಧೆ ಮೇಳಕ್ಕೆ ಮಾರುಕಟ್ಟೆಯನ್ನು ದೊರಕಿಸಿಕೊಡಬಲ್ಲುದು, ಆಯುಸ್ಸನ್ನು ಕೊಡಲಾರದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಎರಡನೆಯ ಸಾಕ್ಷಿ ಇನ್ನೂ ಸ್ಪಷ್ಟವಾದುದು. ೨೦೦೨ರ ಶರತ್ಕಾಲದಲ್ಲಿ ಬ್ರಿಟನ್ನಿನ ಐಟಿವಿ ಸಂಸ್ಥೆ ‘ಪಾಪ್‌ಸ್ಟಾರ್ಸ್: ದ ರೈವಲ್ಸ್’ ಎಂಬ ಹೊಸ ಮಾಲಿಕೆಯನ್ನು ಆರಂಭಿಸಿತು. ಈ ಸಲ ಎರಡು ಮೇಳಗಳು: ಐವರು ಹುಡುಗಿಯರದೊಂದು, ಐವರು ಹುಡುಗರದೊಂದು. ಪೀಟ್ ವಾಟರ್‌ಮನ್, ಲೂಯಿ ವಾಲ್ಷ್, ಗೆರಿ ಹ್ಯಾಲಿವೆಲ್ ಎಂಬ ಮೂವರು ತೀರ್ಪುಗಾರರು. ಕೊನೆಯ ಸುತ್ತಿಗೆ ಬಂದ ಹತ್ತು ಹತ್ತು ಜನರಲ್ಲಿ ಐದೈದು ಮಂದಿಯನ್ನು ಉಳಿಸಿದ್ದು ಪ್ರೇಕ್ಷಕರು ಟೆಲಿಫೋನಿನ ಮೂಲಕ ಕೊಟ್ಟ ಮತ. ಕೊನೆಗೆ ಎರಡು ಮೇಳಗಳೂ ಒಂದೇ ದಿನ ತಮ್ಮ ಮೊದಲ ಹಾಡನ್ನು ಮಾರುಕಟ್ಟೆಗೆ ತಂದು, ಕ್ರಿಸ್‌ಮಸ್ ವಾರದ ಮೊದಲನೆಯ ಸ್ಥಾನಕ್ಕೆ ಹೋರಾಡಬೇಕು ಎಂಬುದು ಏರ್ಪಾಡು. ಆ ವಾರದ ಪ್ರಥಮ ಸ್ಥಾನಕ್ಕೆ ಬ್ರಿಟನ್ನಿನಲ್ಲಿ ಇರುವ ಗೌರವ ಬೇರೆ ವಾರಗಳಿಗಿಲ್ಲ.

ಹುಡುಗಿಯರ ಮೇಳದ ಹೆಸರು ‘ಗರ್ಲ್ಸ್ ಅಲೌಡ್’. ಶೆರಿಲ್ ಟ್ವೀಡಿ, ನಡೀನ್ ಕೋಯ್ಲ್, ಸಾರಾ ಹಾರ್ಡಿಂಗ್, ನಿಕೋಲಾ ರಾಬರ್ಟ್ಸ್, ಕಿಂಬರ್ಲಿ ವಾಲ್ಷ್ ಎಂಬವರು ಅದರ ಸದಸ್ಯೆಯರು. ಇವರಲ್ಲಿ ಕೊನೆಯ ಇಬ್ಬರು ಮೊದಲು ಆರಿಸಿದ ಹತ್ತು ಜನರಲ್ಲಿ ಇರಲೇ ಇಲ್ಲ. ಆಯ್ಕೆಯಾಗಿದ್ದ ಒಬ್ಬಾಕೆ ಕರಾರಿನಲ್ಲಿ ಹೇಳಿದ ಸಂಭಾವನೆ ಸಾಲದೆಂದು ಹಿಂದೆಗೆದಳು. ಇನ್ನೊಬ್ಬಾಕೆ ವಯಸ್ಸಿನ ಮಿತಿ ಮೀರಿದ್ದರಿಂದ ಬಿಟ್ಟುಹೋದಳು. ತೆರವಾದ ಸ್ಥಾನಗಳಿಗೆ ಇವರು ಬಂದರು. ಅಂದರೆ ತೀರ್ಪುಗಾರರು ಮೊದಲು ಬೇಡವೆಂದವರೇ ಮುಂದೆ ಮೇಳದ ಐದರಲ್ಲಿ ಎರಡು ಪಾಲಾದರು. ‘ಅಚ್ಚುಕಟ್ಟಾಗಿ ಲೆಕ್ಕಹಾಕಿ ತಯಾರಿಸಿದ ಸರಕು’ ಎನ್ನುವವರು ಈ ಅಂಶವನ್ನು ಗಮನಿಸಬೇಕು. ಲೆಕ್ಕ ಹಾಕಿದವರ ಲೆಕ್ಕವೇ ಇಲ್ಲಿ ತಪ್ಪಿತ್ತು.

ನವೆಂಬರ್ ೩೦ರಂದು ಮೇಳ ಹುಟ್ಟಿತು; ಡಿಸೆಂಬರ್ ೧೬ರಂದು ಅದರ ಮೊದಲ ಹಾಡು ಅಂಗಡಿಗಳಲ್ಲಿತ್ತು. ‘ಸೌಂಡ್ ಆಫ್ ದಿ ಅಂಡರ್‌ಗ್ರೌಂಡ್’ ಎಂಬ ಆ ಹಾಡು ಎರಡು ಲಕ್ಷಕ್ಕೂ ಹೆಚ್ಚು ಪ್ರತಿಗಳ ಮಾರಾಟದಿಂದ ಪ್ರಥಮ ಸ್ಥಾನ ಪಡೆಯಿತು. ಹುಡುಗರ ಮೇಳವಾದ ‘ಒನ್ ಟ್ರೂ ವಾಯ್ಸ್’ ಎರಡನೆಯದಾಯಿತು. ಎರಡನೆಯ ಸ್ಥಾನವೇನೂ ಸೋಲಲ್ಲ. ಆದರೂ ಆ ಮೇಳ ೨೦೦೩ರಲ್ಲಿ ಇನ್ನೊಂದೇ ಹಾಡನ್ನು ಹೊರತಂದು ಚದುರಿಹೋಯಿತು. ಹುಡುಗಿಯರ ಮೇಳವಾದರೋ ೨೦೦೨ರ ಡಿಸೆಂಬರಿನಿಂದ ೨೦೦೯ರ ಆರಂಭದವರೆಗೆ ಎಡೆಬಿಡದೆ ಇಪ್ಪತ್ತು ಹಾಡುಗಳನ್ನು ಮಾರಾಟದ ಪಟ್ಟಿಯ ಮೊದಲ ಹತ್ತರೊಳಗೆ ತಂದಿತು. ಅದೇ ಪರದೆ, ಅವರೇ ತೀರ್ಪುಗಾರರು, ಅದೇ ಪ್ರೇಕ್ಷಕ ಸಮೂಹ. ಫಲ ಮಾತ್ರ ಬೇರೆ. ಇದಕ್ಕೆ ಕಾರಣವೇನು?

ಬ್ಯಾಂಕಿನ ಕೆಲಸದಲ್ಲಿರುವ ನನ್ನಂಥವನಿಗೆ ಮೊದಲು ಕಾಣುವುದು ಹಣದ ಲೆಕ್ಕ. ಧ್ವನಿಮುದ್ರಣ ಸಂಸ್ಥೆಗಳು ಗಾಯಕರಿಗೆ ಕೊಡುವ ಮುಂಗಡವನ್ನು ಹೊರಗಿನವರು ಬಹುಮಾನವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಒಂದು ಬಗೆಯ ಸಾಲ. ಮುಂದೆ ಬರಬೇಕಾದ ಗೌರವಧನದಿಂದ, ಅಂದರೆ ರಾಯಲ್ಟಿಯಿಂದ, ಸಂಸ್ಥೆ ಅದನ್ನು ವಜಾ ಮಾಡಿಕೊಳ್ಳುತ್ತದೆ. ಧ್ವನಿಮುದ್ರಣದ ಖರ್ಚು, ಹಲವೊಮ್ಮೆ ಚಿತ್ರೀಕರಣದ ಖರ್ಚಿನ ಒಂದು ಪಾಲು, ಇವೂ ಆ ಖಾತೆಗೇ ಸೇರುತ್ತವೆ. ಖಾತೆ ತೀರುವವರೆಗೆ ಗಾಯಕರ ಕೈಗೆ ಹೊಸದಾಗಿ ಏನೂ ಬಾರದು. ಸಾಮಾನ್ಯ ಸಾಲಕ್ಕೂ ಇದಕ್ಕೂ ಒಂದು ಭೇದವುಂಟು: ಮೇಳ ಮುರಿದುಬಿದ್ದರೆ ಉಳಿದ ಬಾಕಿಯನ್ನು ಗಾಯಕರ ಮನೆಯಿಂದ ವಸೂಲು ಮಾಡುವ ಪದ್ಧತಿ ಇಲ್ಲ. ಆದುದರಿಂದ ಸಂಸ್ಥೆಗೆ ಎರಡು ದಾರಿಗಳು. ಕಥೆಯ ಬಿಸಿ ಆರುವ ಮೊದಲು ಆದಷ್ಟು ಮಾರಿ ಕೈತೊಳೆದುಕೊಳ್ಳುವುದು ಒಂದು. ಬಂದ ಹಣವನ್ನು ಮತ್ತೆ ಹಾಡಿನ ಮೇಲೆಯೇ ಹೂಡುವುದು ಇನ್ನೊಂದು. ಗರ್ಲ್ಸ್ ಅಲೌಡ್ ಮೇಳದ ವಿಷಯದಲ್ಲಿ ನಡೆದುದು ಎರಡನೆಯದು.

ಆ ಹೂಡಿಕೆಯ ಸ್ಥಳ ಕೆಂಟ್ ಪ್ರಾಂತದ ವೆಸ್ಟರ್‌ಹ್ಯಾಮ್ ಎಂಬ ಊರು. ಅಲ್ಲಿ ಬ್ರಯನ್ ಹಿಗಿನ್ಸ್ ಎಂಬ ನಿರ್ಮಾಪಕ ‘ಜೆನೋಮೇನಿಯ’ ಎಂಬ ಹೆಸರಿನಲ್ಲಿ ಹಾಡುಗಾರಿಕೆಯ ಕಮ್ಮಟವೊಂದನ್ನು ನಡೆಸುತ್ತಿದ್ದ. ಮಿರಾಂಡಾ ಕೂಪರ್ ಮೊದಲಾದ ರಚನೆಕಾರರು ಆತನ ಜೊತೆಗಿದ್ದರು. ಅವರ ಕ್ರಮ ವಿಲಕ್ಷಣವಾದುದು. ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಗೇ ರಚಿಸದೆ, ಬಿಡಿಬಿಡಿಯಾದ ರಾಗಖಂಡಗಳನ್ನು ಬಹುಸಂಖ್ಯೆಯಲ್ಲಿ ತಯಾರಿಸಿ, ಅವುಗಳಲ್ಲಿ ಒಳ್ಳೆಯವನ್ನು ಆರಿಸಿ ಜೋಡಿಸುವುದು. ಗಾಯಕಿಯರಿಂದ ಬೇರೆ ಬೇರೆಯಾಗಿ ಹಾಡಿಸಿ, ಯಾವ ಸಾಲಿಗೆ ಯಾರ ಕಂಠ ಹೊಂದುವುದೋ ಅದನ್ನು ಅಲ್ಲಿ ಉಳಿಸುವುದು. ಮೇಳವನ್ನು ಹೇಗೆ ಆರಿಸಿ ಕಟ್ಟಿದರೋ ಹಾಡನ್ನೂ ಹಾಗೆಯೇ ಆರಿಸಿ ಕಟ್ಟಿದರೆನ್ನಬಹುದು.

೨೦೦೫ರಲ್ಲಿ ಬಂದ ‘ಬಯಾಲಜಿ’ ಎಂಬ ಹಾಡು ಇದಕ್ಕೆ ಒಳ್ಳೆಯ ನಿದರ್ಶನ. ನಮ್ಮ ಕೃತಿಗಳಲ್ಲಿ ಪಲ್ಲವಿ ಮೊದಲು ಬಂದು, ಚರಣದ ಬಳಿಕ ಮತ್ತೆ ಮತ್ತೆ ಮರಳುತ್ತದೆ. ಪಾಪ್ ಹಾಡಿನಲ್ಲಿಯೂ ಪಲ್ಲವಿಯ ಸ್ಥಾನದ ಭಾಗವೊಂದು ಇರುತ್ತದೆ. ಕೇಳುಗ ಬೇರೆ ಹಾಡಿನತ್ತ ತಿರುಗುವ ಮೊದಲೇ ಅದು ಬಂದುಬಿಡಬೇಕೆಂಬುದು ವ್ಯಾಪಾರದ ನಿಯಮ. ‘ಬಯಾಲಜಿ’ಯಲ್ಲಿ ಒಂದು ಖಂಡ ಮುಗಿದು ಲಯವೇ ಬೇರೆಯಾದ ಇನ್ನೊಂದು ಖಂಡ ಬರುತ್ತದೆ, ಅದರ ಹಿಂದೆ ಮತ್ತೊಂದು, ಪಲ್ಲವಿಯೆನ್ನಬಹುದಾದ ಭಾಗ ಕೇಳಿಬರಲು ಸುಮಾರು ಎರಡು ನಿಮಿಷ ಕಾಯಬೇಕು. ಮೂರೂವರೆ ನಿಮಿಷದ ಹಾಡಿನಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ಸ್ಪರ್ಧೆಯಿಂದ ಹುಟ್ಟಿದ ಮೇಳಗಳನ್ನು ಕಣ್ಣೆತ್ತಿಯೂ ನೋಡದಿದ್ದ ಬ್ರಿಟಿಷ್ ವಿಮರ್ಶಕರು ಈ ಕಾಲದಲ್ಲಿ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ೨೦೦೯ರಲ್ಲಿ ‘ದ ಪ್ರಾಮಿಸ್’ ಎಂಬ ಹಾಡಿಗೆ ಬ್ರಿಟ್ ಪ್ರಶಸ್ತಿ ಬಂದಿತು.

ಆರಿಸಿ ಕಟ್ಟಿದ್ದು ಎಂಬುದೇ ದೋಷವೆನ್ನುವ ಪಕ್ಷದಲ್ಲಿ ನಾವು ನಮ್ಮ ಕರಾವಳಿಯ ಯಕ್ಷಗಾನ ಮೇಳಗಳನ್ನೊಮ್ಮೆ ನೆನೆಯಬೇಕು. ಮೇಳದ ಹೆಸರು ದೇವಸ್ಥಾನದ್ದು, ನಡೆಸುವವರು ಯಜಮಾನರು, ಭಾಗವತರೂ ವೇಷಧಾರಿಗಳೂ ತಿರುಗಾಟಕ್ಕೆಂದು ಗೊತ್ತುಮಾಡಿದವರು. ಮುಂದಿನ ತಿರುಗಾಟಕ್ಕೆ ಅವರಲ್ಲಿ ಕೆಲವರು ಬೇರೆ ಮೇಳವನ್ನು ಸೇರುವುದೂ ಉಂಟು. ಇಷ್ಟರಿಂದಲೇ ಆ ಆಟ ಕೃತಕವಾಯಿತೆಂದು ಯಾರೂ ಹೇಳುವುದಿಲ್ಲ. ರಂಗಸ್ಥಳದಲ್ಲಿ ಅವರೇನು ಮಾಡಿದರು ಎಂಬುದರ ಮೇಲೆಯೇ ತೀರ್ಪು.

ನಮ್ಮ ದೇಶದಲ್ಲಿಯೂ ಈ ಪ್ರಯೋಗ ನಡೆದುದನ್ನು ವಾಚಕರಲ್ಲಿ ಕೆಲವರು ಬಲ್ಲರು. ೨೦೦೨ರಲ್ಲಿ ‘ಚಾನೆಲ್ ವಿ’ಯ ಸ್ಪರ್ಧೆಯಿಂದ ‘ವೀವಾ’ ಎಂಬ ಐವರು ತರುಣಿಯರ ಮೇಳ ಹೊರಬಂದಿತು: ಸೀಮಾ ರಾಮಚಂದಾನಿ, ಪ್ರತೀಚಿ ಮಹಾಪಾತ್ರ, ನೇಹಾ ಭಾಸಿನ್, ಮಹುವಾ ಕಾಮತ್, ಅನುಷ್ಕಾ ಮನ್‌ಚಂದಾ. ಹಾಡುಗಳು ಜನಪ್ರಿಯವಾದುವು, ಆದರೆ ಎರಡು ಆಲ್ಬಮ್‌ಗಳ ಬಳಿಕ ಮೇಳ ಉಳಿಯಲಿಲ್ಲ. ಪ್ರತಿಭೆಯ ಕೊರತೆಯೆನ್ನುವಂತಿಲ್ಲ, ನೇಹಾ ಭಾಸಿನ್ ಮುಂದೆ ‘ಸುಲ್ತಾನ್’ ಚಿತ್ರದ ಹಾಡಿಗಾಗಿ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ಪಡೆದರು, ಅನುಷ್ಕಾ ಮನ್‌ಚಂದಾ ಅವರೂ ಹಿನ್ನೆಲೆ ಗಾಯಕಿಯಾದರು. ಭಾರತದಲ್ಲಿ ಸಂಗೀತದ ಹಣವೂ ಒಳ್ಳೆಯ ರಚನೆಕಾರರೂ ಚಲನಚಿತ್ರದ ಕಡೆಗೇ ಹರಿಯುವುದರಿಂದ, ಚಿತ್ರದ ಹೊರಗಿನ ಮೇಳವೊಂದಕ್ಕೆ ವರ್ಷವರ್ಷವೂ ಹೊಸ ಹಾಡನ್ನು ಕಟ್ಟಿಕೊಡುವ ಕಮ್ಮಟ ಇಲ್ಲಿ ಬೆಳೆಯಲಿಲ್ಲ. ವೀವಾಕ್ಕೆ ಪರದೆ ಸಿಕ್ಕಿತು, ವೆಸ್ಟರ್‌ಹ್ಯಾಮ್ ಸಿಗಲಿಲ್ಲ ಎಂದು ನಾನು ತಿಳಿಯುತ್ತೇನೆ.

ಗರ್ಲ್ಸ್ ಅಲೌಡ್ ೨೦೦೯ರಲ್ಲಿ ಬಿಡುವು ಪಡೆದು, ೨೦೧೨ರಲ್ಲಿ ಮತ್ತೆ ಕೂಡಿ, ೨೦೧೩ರ ಮಾರ್ಚಿಯಲ್ಲಿ ಹತ್ತನೆಯ ವರ್ಷದ ಪ್ರವಾಸ ಮುಗಿಸಿ ಬೇರೆಯಾಯಿತು. ೨೦೨೧ರ ಸೆಪ್ಟೆಂಬರ್ ೫ರಂದು ಸಾರಾ ಹಾರ್ಡಿಂಗ್ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ೨೦೨೪ರಲ್ಲಿ ಉಳಿದ ನಾಲ್ವರು ಆಕೆಯ ನೆನಪನ್ನು ಮುಂದಿಟ್ಟುಕೊಂಡು ಬ್ರಿಟನ್ ಮತ್ತು ಐರ್ಲೆಂಡುಗಳ ದೊಡ್ಡ ಸಭಾಂಗಣಗಳಲ್ಲಿ ಹಾಡಿದರು. ಇಪ್ಪತ್ತೆರಡು ವರ್ಷಗಳ ಹಿಂದೆ ಒಬ್ಬರನ್ನೊಬ್ಬರು ಅರಿಯದೆ, ಒಬ್ಬರಿಗೊಬ್ಬರು ಪ್ರತಿಸ್ಪರ್ಧಿಗಳಾಗಿ ಸಾಲಿನಲ್ಲಿ ನಿಂತಿದ್ದವರು ಇವರು. ಅಂದು ಕ್ರಮ ತಲೆಕೆಳಗಾಗಿತ್ತು. ಗೆಳೆತನವೂ ಹಾಡೂ ತಡವಾಗಿ ಬಂದುವು, ಆದರೆ ಬಂದುವು. ಈ ಸಲ ಮತ ಹಾಕುವವರಿರಲಿಲ್ಲ, ತೀರ್ಪುಗಾರರಿರಲಿಲ್ಲ. ಜನರು ಬಂದದ್ದು ಹಾಡು ಕೇಳುವುದಕ್ಕೆ.